ವಿಶೇಷ ಮಕ್ಕಳ ಹಲ್ಲು ತಿಕ್ಕುವುದು ಹೇಗೆ?



ನಡೆ, ನುಡಿ, ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಅನೇಕ ಮಕ್ಕಳಿಗೆ "ಹಲ್ಲು ನೋಯುತ್ತದೆ" ಎಂದು ಹೇಳಲು ಬರುವುದಿಲ್ಲ. ಊಟ ಬಿಡುತ್ತವೆ, ರಾತ್ರಿ ಅಳುತ್ತವೆ, ಗಲ್ಲಕ್ಕೆ ಹೊಡೆದುಕೊಳ್ಳುತ್ತವೆ. ಮನೆಯವರು ಇದನ್ನು ಹಠವೆಂದು ತಿಳಿಯುತ್ತಾರೆ. ಹುಳುಕು ಬಲಿತ ಮೇಲೆ, ಮಗು ಬಾಯಿ ತೆರೆದು ಕೂರದಿದ್ದರೆ ಪೂರ್ಣ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡಬೇಕಾಗಬಹುದು. ಅದಕ್ಕೆ ದೂರದ ಊರಿಗೆ ಅಲೆದಾಟ, ಖರ್ಚು, ಕೂಲಿ ನಷ್ಟ. ದಿನಕ್ಕೆ ಎರಡು ಬಾರಿ ನಿಮ್ಮ ಕೈಯಿಂದಲೇ ಹಲ್ಲು ತಿಕ್ಕುವುದು ಇದಕ್ಕಿಂತ ಬಹಳ ಸುಲಭ.

"ಹಾಲುಹಲ್ಲು, ಹೇಗೂ ಬಿದ್ದುಹೋಗುತ್ತವೆ" ಎನ್ನಬೇಡಿರಿ. ದವಡೆಯ ಹಾಲುಹಲ್ಲುಗಳು 10-12 ವರ್ಷದವರೆಗೆ ಬೇಕು.

ಈ ಮಕ್ಕಳಿಗೆ ತೊಂದರೆ ಹೆಚ್ಚೇಕೆ?

ನಾಲಿಗೆ ಸರಿಯಾಗಿ ಆಡದಿದ್ದರೆ ರೊಟ್ಟಿ, ಬಾಳೆಹಣ್ಣು, ಬಿಸ್ಕತ್ತು ಗಲ್ಲದೊಳಗೇ ಉಳಿಯುತ್ತವೆ. ಅನೇಕ ಸಿರಪ್‌ಗಳಲ್ಲಿ ಸಕ್ಕರೆ ಇರುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಔಷಧದಿಂದ ಒಸಡು ಊದಿಕೊಳ್ಳಬಹುದು. ಆದರೆ ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬಾರದು. ರಾತ್ರಿಯ ಸಿರಪ್ ಕೊಟ್ಟ ನಂತರವೇ ಹಲ್ಲು ತಿಕ್ಕಿರಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿ ತಿಕ್ಕುವುದು ಅತಿ ಮುಖ್ಯ.

ಬೇಕಾಗುವ ವಸ್ತುಗಳು

ಚಿಕ್ಕ ತಲೆಯ ಮೃದುವಾದ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ಸ್ವಚ್ಛವಾದ ಒದ್ದೆ ಬಟ್ಟೆ. 3 ವರ್ಷದೊಳಗಿನ ಮಗುವಿಗೆ ಹಾಗೂ ಉಗುಳಲು ಬಾರದ ಮಗುವಿಗೆ ಅಕ್ಕಿ ಕಾಳಿನಷ್ಟು ಪೇಸ್ಟ್ ಸಾಕು. ಉಗುಳಲು ಬರುವ ದೊಡ್ಡ ಮಗುವಿಗೆ ಬಟಾಣಿ ಕಾಳಿನಷ್ಟು. ಬೂದಿ, ಇಟ್ಟಿಗೆ ಪುಡಿ, ತಂಬಾಕಿನ ಹಲ್ಲುಪುಡಿ ಬೇಡವೇ ಬೇಡ.

ರೂಢಿ ಮಾಡಿಸುವ ಕ್ರಮ

1. ಮೊದಲ ಕೆಲವು ದಿನ ಗಲ್ಲ, ತುಟಿ ಮಾತ್ರ ಸವರಿರಿ. ನಂತರ ಬರಿಯ ಒದ್ದೆ ಬ್ರಷ್ ಅನ್ನು ತುಟಿಗೆ ಮುಟ್ಟಿಸಿರಿ. ಆಮೇಲೆ ಮುಂದಿನ ಹಲ್ಲು. ಕೊನೆಗೆ ದವಡೆ ಹಲ್ಲು.

2. ನಿತ್ಯ ಅದೇ ವೇಳೆ, ಅದೇ ಜಾಗ ಇರಲಿ. ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತ ತಿಕ್ಕಿ, ಹತ್ತಾದೊಡನೆ ನಿಲ್ಲಿಸಿರಿ. ಇದು ಮುಗಿಯುತ್ತದೆಂಬ ನಂಬಿಕೆ ಮಗುವಿಗೆ ಬರುತ್ತದೆ. ಹೀಗೆ ಹೆಚ್ಚಿಸುತ್ತ ಒಟ್ಟು ಎರಡು ನಿಮಿಷಕ್ಕೆ ತನ್ನಿರಿ.

3. ನೀವು ಗೋಡೆಗೆ ಒರಗಿ ಕುಳಿತು ಮಗುವಿನ ತಲೆಯನ್ನು ಎದೆಗೆ ಆನಿಸಿಕೊಳ್ಳಿರಿ. ತಲೆ ಹಿಂದಕ್ಕೆ ವಾಲಬಾರದು. ನುಂಗಲು ಕಷ್ಟಪಡುವ ಮಗುವನ್ನು ಅಂಗಾತ ಮಲಗಿಸಬೇಡಿರಿ, ನೆತ್ತಿಗೇರೀತು. ನೀರು ಮುಕ್ಕಳಿಸಲು ಬಾರದಿದ್ದರೆ ಬಟ್ಟೆಯಿಂದ ಒರೆಸಿರಿ.

4. ಒಸಡು ಮತ್ತು ಹಲ್ಲು ಕೂಡುವ ಅಂಚಿನಲ್ಲಿ ಬ್ರಷ್ ಇಟ್ಟು ಮೆಲ್ಲಗೆ ಆಡಿಸಿರಿ. ಮಗು ಬ್ರಷ್ ಕಚ್ಚಿದರೆ ಎಳೆಯದೆ, ದವಡೆ ಸಡಿಲಾಗುವವರೆಗೆ ಕಾಯಿರಿ. ಹಲ್ಲುಗಳ ನಡುವೆ ಬೆರಳಿಡಬೇಡಿರಿ.

5. ಮೂಗು ಹಿಡಿದು ಬಾಯಿ ತೆರೆಸುವುದು, ಗದರಿಸುವುದು ಬೇಡ. ಒಂದು ದಿನ ಆಗದಿದ್ದರೆ ಮರುದಿನ ಮತ್ತೆ ಪ್ರಯತ್ನಿಸಿರಿ.

ಮೆಣಸಿನಕಾಯಿ ಕೆಲಸದವರಿಗೆ ಒಂದು ಮಾತು: ಬ್ಯಾಡಗಿ ಕಾಯಿಯ ಖಾರ ಕಡಿಮೆಯೆಂದರೂ ತೊಟ್ಟು ಬಿಡಿಸಿದ ಕೈ ಮಗುವಿನ ಬಾಯಿಗೆ ಉರಿಯುತ್ತದೆ. ಒಮ್ಮೆ ಉರಿದರೆ ಮಗು ಬ್ರಷ್ ಕಂಡರೇ ಹೆದರೀತು. ಕೈಗೆ ಎಣ್ಣೆ ಸವರಿ, ಸೋಪಿನಿಂದ ಎರಡು ಮೂರು ಸಲ ತೊಳೆಯಿರಿ. ಇಲ್ಲವೇ ಅಂದು ತಂದೆ ಅಥವಾ ಅಜ್ಜಿ ತಿಕ್ಕಲಿ. ಇದು ತಾಯಿಯೊಬ್ಬಳ ಕೆಲಸವಲ್ಲ.

ವೈದ್ಯರಿಗೆ ಯಾವಾಗ ತೋರಿಸಬೇಕು?

ಒಸಡಿನಲ್ಲಿ ರಕ್ತ ಬಂದರೆ ತಿಕ್ಕುವುದನ್ನು ಬಿಡಬೇಡಿರಿ. ಎರಡು ವಾರದಲ್ಲಿ ನಿಲ್ಲದಿದ್ದರೆ ತೋರಿಸಿರಿ. ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆ, ಕೀವು, ಊಟ ಬಿಡುವುದು ಕಂಡರೆ ಕಾಯಬೇಡಿರಿ. ಮುಖದ ಬಾವು, ಜ್ವರ ಇದ್ದರೆ ಅದೇ ದಿನ ಬನ್ನಿರಿ. ಡೌನ್ ಸಿಂಡ್ರೋಮ್ ಇರುವ ಅನೇಕ ಮಕ್ಕಳಿಗೆ ಹೃದಯದ ದೋಷವಿರುತ್ತದೆ; ಹಲ್ಲು ಕೀಳಿಸುವ ಮುನ್ನ ಅದನ್ನು ತಪ್ಪದೆ ತಿಳಿಸಿರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರಕಾರಿ ಶಾಲೆಗಳಲ್ಲಿ ಹಲ್ಲಿನ ಹುಳುಕು ಹಾಗೂ ಬೆಳವಣಿಗೆಯ ವಿಳಂಬ ಎರಡನ್ನೂ ತಪಾಸಿಸುತ್ತಾರೆ. ಮಕ್ಕಳ ದಂತ ತಜ್ಞರು ಬೇಕಾದರೆ ಹಾವೇರಿ, ಬ್ಯಾಡಗಿಯವರು ಧಾರವಾಡದ ಎಸ್‌ಡಿಎಂ, ರಾಣೇಬೆನ್ನೂರಿನವರು ದಾವಣಗೆರೆಯ ಬಾಪೂಜಿ ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ಮೊದಲ ಹಲ್ಲು ಮೂಡಿದ ದಿನದಿಂದಲೇ ಈ ಆರೈಕೆ ಆರಂಭಿಸಿರಿ. ತಡವಾಗಿದ್ದರೆ ಇಂದು ರಾತ್ರಿಯಿಂದಲೇ ಆಗಲಿ.