ಅಲ್ಪ ಭೂಮಿಯಲ್ಲಿ ಹಲವು ಅನಿಲ ಬಾವಿಗಳು

ಹೈದರಾಬಾದಿನ ಮೆಹದಿಪಟ್ಟಣದಿಂದ ಆರಾಂಘರ್‌ವರೆಗೆ 11.6 ಕಿಲೋಮೀಟರ್ ಉದ್ದದ ಮೇಲ್ಸೇತುವೆ 2009ರಲ್ಲಿ ಸಂಚಾರಕ್ಕೆ ತೆರೆಯಿತು. ಜನನಿಬಿಡ ಬಡಾವಣೆಗಳಲ್ಲಿ ನೆಲದ ಅಭಾವವನ್ನು ಹೀಗೆ ಮೇಲಕ್ಕೇರಿ ನಿವಾರಿಸಲಾಗುತ್ತದೆ. ಅದೇ ಅಭಾವಕ್ಕೆ ತೈಲ ಮತ್ತು ಅನಿಲವನ್ನು ಹೊರತೆಗೆಯುವವರು ಪರಿಹಾರವನ್ನು ಭೂಗರ್ಭದಲ್ಲಿ ಹುಡುಕಬೇಕಾಗುತ್ತದೆ.

ಆಂಧ್ರಪ್ರದೇಶದ ಗೋದಾವರಿ ಮುಖಜಭೂಮಿಯಲ್ಲಿರುವ ಕೋನಸೀಮೆ ಇದಕ್ಕೆ ನಿದರ್ಶನ. ಇಲ್ಲಿ ತೆಂಗಿನ ತೋಟ, ಭತ್ತದ ಗದ್ದೆ, ಕಾಲುವೆ ಮತ್ತು ಒತ್ತೊತ್ತಾದ ಊರುಗಳ ಅಡಿಯಲ್ಲಿಯೇ ಅನಿಲ ನಿಕ್ಷೇಪಗಳಿವೆ. ಬಾವಿ ಕೊರೆಯಲು ರಿಗ್ ಯಂತ್ರ, ಪಂಪುಗಳು, ಕೊಳವೆಗಳ ರಾಶಿ, ತ್ಯಾಜ್ಯದ ಹೊಂಡ, ಭಾರಿ ಲಾರಿಗಳು ಬರುವ ದಾರಿ ಇವೆಲ್ಲಕ್ಕೂ ಸ್ಥಳ ಬೇಕು. ಪ್ರತಿ ಬಾವಿಗೂ ಇಷ್ಟನ್ನು ಪ್ರತ್ಯೇಕವಾಗಿ ಏರ್ಪಡಿಸಿದರೆ ತೋಟಗಳು ಛಿದ್ರವಾಗುತ್ತವೆ.

ಒಂದೇ ಅಂಗಳದಿಂದ ಹಲವು ಬಾವಿಗಳನ್ನು ಓರೆಯಾಗಿ ಕೊರೆಯುವುದು ಇದಕ್ಕಿರುವ ಪ್ರಮುಖ ಉಪಾಯ. ಬಾವಿ ಮೊದಲು ನೇರವಾಗಿ ಇಳಿದು, ನಿಶ್ಚಿತ ಆಳದಲ್ಲಿ ಓರೆಯಾಗುತ್ತದೆ. ಮೇಲಿನಿಂದ ಒತ್ತಡದಲ್ಲಿ ಹಾಯಿಸುವ ಕೆಸರಿನಂತಹ ದ್ರವವು ಕೊಳವೆಯ ತುದಿಯ ಬಳಿಯಿರುವ ಮೋಟಾರನ್ನು ತಿರುಗಿಸುತ್ತದೆ. ಮೋಟಾರಿನ ಕವಚಕ್ಕೆ ಕೊಟ್ಟಿರುವ ಅಲ್ಪ ಬಾಗು ಕೊರೆತದ ದಿಕ್ಕನ್ನು ಬದಲಿಸುತ್ತದೆ. ಅಲ್ಲಿಯೇ ಇರುವ ಮಾಪಕವು ಬಾವಿ ಎತ್ತ ಸಾಗುತ್ತಿದೆಯೆಂಬುದನ್ನು ಅಳೆದು, ಅದೇ ದ್ರವದಲ್ಲಿ ಒತ್ತಡದ ಮಿಡಿತಗಳನ್ನೆಬ್ಬಿಸಿ ಮೇಲಕ್ಕೆ ತಿಳಿಸುತ್ತದೆ. ಹೀಗೆ ಊರಿನ ಅಡಿಯಲ್ಲಿರುವ ಅನಿಲವನ್ನು ಊರಾಚೆಯ ಅಂಗಳದಿಂದ ತಲುಪಬಹುದು. ಓರೆ ಬಾವಿಯ ಉದ್ದವೂ ವೆಚ್ಚವೂ ಹೆಚ್ಚು ಎಂಬುದು ನಿಜ. ಆದರೆ ಕಡಿದ ತೆಂಗಿನ ಮರ ಮತ್ತೆ ಫಲ ಕೊಡಲು ಹಿಡಿಯುವ ವರ್ಷಗಳನ್ನೂ ಆ ಲೆಕ್ಕದಲ್ಲಿ ಸೇರಿಸುವುದು ನ್ಯಾಯ.

ಬಾವಿಗಳು ಒಂದೆಡೆ ಸೇರಿದಾಗ ಅಪಾಯವೂ ಒಂದೆಡೆ ಸೇರುತ್ತದೆ. 1995ರ ಜನವರಿ 8ರಂದು ಕೋನಸೀಮೆಯ ಪಾಸರ್ಲಪೂಡಿಯಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ಒಂದು ಬಾವಿಯಿಂದ ಅನಿಲ ಹತೋಟಿ ಮೀರಿ ಚಿಮ್ಮಿ ಹೊತ್ತಿಕೊಂಡಿತು. ಸುಮಾರು 65 ದಿನ ಉರಿದ ಆ ಜ್ವಾಲೆಗೆ ಹೆದರಿ ಸುತ್ತಲಿನ ಜನ ಮನೆಮಾರು ಬಿಟ್ಟು ತೆರಳಬೇಕಾಯಿತು. ಆದ್ದರಿಂದ ಅಂಗಳ ಕಿರಿದಾದಷ್ಟೂ ಬಾವಿಯ ಬಾಯಿಗೆ ಅಳವಡಿಸುವ ಸುರಕ್ಷಾ ಕವಾಟಗಳ ತಪಾಸಣೆ ಬಿಗಿಯಾಗಬೇಕು.

ಕೊರೆದು ತೆಗೆದ ಕಲ್ಲುಪುಡಿಯನ್ನೂ ಬಳಸಿದ ದ್ರವವನ್ನೂ ಗದ್ದೆಗೆ ಹರಿಯಬಿಡುವಂತಿಲ್ಲ. ಅವುಗಳನ್ನು ನೀರು ಒಸರದ ಒಳಪದರವುಳ್ಳ ಹೊಂಡದಲ್ಲಿ ವಿಲೇವಾರಿ ಮಾಡಬೇಕೆಂದು ಕೇಂದ್ರದ 2005ರ ನಿಯಮಗಳು ವಿಧಿಸುತ್ತವೆ. ಡೀಸೆಲ್ ಬೆರೆತ ದ್ರವದ ಬಳಕೆಯನ್ನು ನಿಷೇಧಿಸುತ್ತವೆ. ಅಂಗಳ ಸಿದ್ಧಪಡಿಸುವಾಗಲೇ ಫಲವತ್ತಾದ ಮೇಲ್ಮಣ್ಣನ್ನು ಕೆರೆದು ಬೇರೆಯಾಗಿ ಕೂಡಿಡುವುದು ಅಗತ್ಯ. ಬಾವಿ ಬರಿದಾದ ಬಳಿಕ ಅದರೊಳಗೆ ಸಿಮೆಂಟಿನ ಬಿರಡೆಗಳನ್ನು ಹಾಕಿ, ಹಾಸಿದ ಜಲ್ಲಿಯನ್ನು ತೆಗೆದು, ಗಟ್ಟಿಯಾದ ನೆಲವನ್ನು ಆಳವಾಗಿ ಉತ್ತ ಮೇಲೆ ಆ ಮಣ್ಣನ್ನೇ ಮರಳಿ ಹರಡಲಾಗುತ್ತದೆ.