ಗೋಲಿನ ಲೆಕ್ಕ, ಖರ್ಚಿನ ಲೆಕ್ಕ

“ಬಯಲಿನಲ್ಲಿ ಆಡಿ ಗಳಿಸಿದ ಅಂಕಗಳನ್ನು ಜಮಾಖರ್ಚಿನ ಪುಸ್ತಕ ನೋಡಿ ಕಳೆಯುವುದುಂಟೇನ್ರಿ ಸರ?” ಎಂದು ಇಂಡಿಯ ಕಡೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದ್ದನು. ಉಂಟು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಕುಸ್ತಿ, ಕಬಡ್ಡಿಗಳಿಗಿರುವ ಮನ್ನಣೆ ಕಾಲ್ಚೆಂಡಿಗಿಲ್ಲವಾದರೂ, ಕೀರ್ದಿ-ಖತಾವಣಿ ಬಲ್ಲ ನಮ್ಮವರಿಗೆ ಈ ವಿಷಯ ತಿಳಿಯಲು ಕಷ್ಟವಾಗಲಾರದು.

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಒಂದು ಕಟ್ಟಳೆಯಿತ್ತು: ಕ್ಲಬ್ಬು ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ಮಾಡಿಕೊಳ್ಳಬಾರದು. ಸಾಲದ ಮೇಲೆ ತಂಡ ಕಟ್ಟಿ, ನಾಳೆ ದಿವಾಳಿಯಾಗಿ ಊರಿನ ಮರ್ಯಾದೆ ಕಳೆಯಬಾರದೆಂಬುದು ಇದರ ಉದ್ದೇಶ. 2023ರ ನವೆಂಬರಿನಲ್ಲಿ ಎವರ್ಟನ್ ಕ್ಲಬ್ಬು ಈ ಮಿತಿಯನ್ನು 1.95 ಕೋಟಿಯಷ್ಟು ಮೀರಿತೆಂದು 10 ಅಂಕಗಳನ್ನು ಕಳೆದರು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ನಾಟಿಂಗ್ಹ್ಯಾಮ್ ಫಾರೆಸ್ಟ್ ತನಗೆ ಗೊತ್ತುಪಡಿಸಿದ 6.1 ಕೋಟಿಯ ಮಿತಿಯನ್ನು 3.45 ಕೋಟಿಯಷ್ಟು ಮೀರಿತ್ತು. ಕಳೆದದ್ದು 4 ಅಂಕ! ಹೆಚ್ಚು ಮೀರಿದವನಿಗೆ ಕಡಿಮೆ ದಂಡವೇಕೆ? ತಪ್ಪನ್ನು ಬೇಗನೆ ಒಪ್ಪಿ ವಿಚಾರಣೆಗೆ ಸಹಕರಿಸಿದ್ದಕ್ಕೆ ಎರಡು ಅಂಕಗಳ ರಿಯಾಯಿತಿ ದೊರೆತಿತ್ತು.

ಫಾರೆಸ್ಟಿನ ವಾದ ನಮ್ಮ ನಿಂಬೆಯ ಬೆಳೆಗಾರನ ವಾದವೇ. ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ತಾನೇ ಬೆಳೆಸಿದ ಬ್ರೆನನ್ ಜಾನ್ಸನ್ ಎಂಬ ಆಟಗಾರನನ್ನು ಆ ಗಡುವಿನೊಳಗೆ ಮಾರಿದ್ದರೆ ಕಡಿಮೆ ಬೆಲೆ ಬರುತ್ತಿತ್ತು. ಸೆಪ್ಟೆಂಬರ್ 1ರಂದು ಮಾರಿದ್ದರಿಂದ ನಾಲ್ಕೂಮುಕ್ಕಾಲು ಕೋಟಿ ಪೌಂಡ್ ಬಂತು, ಇದು ಜಾಣತನವಲ್ಲವೆ ಎಂದು ಕೇಳಿತು. ಸಾಲದ ಗಡುವು ಮಾರ್ಚಿಗೆ ಮುಗಿಯುವುದಾದರೆ, ಬೇಸಿಗೆಯ ದರಕ್ಕೆ ಕಾಯುವ ರೈತನಿಗೆ ಬ್ಯಾಂಕು ಏನು ಹೇಳುತ್ತದೆಯೋ, ಆಯೋಗವೂ ಅದನ್ನೇ ಹೇಳಿತು.

ಆದರೆ ನನ್ನ ಮನಸ್ಸನ್ನು ಕೊರೆಯುವುದು ದಂಡದ ಪ್ರಮಾಣವಲ್ಲ, ಅದು ಬಂದ ಕಾಲ. ಎವರ್ಟನ್ ಮಿತಿ ಮೀರಿದ್ದು 2021-22ರವರೆಗಿನ ಲೆಕ್ಕದಲ್ಲಿ. ಆ ಸಾಲಿನಲ್ಲಿ ಅದು 39 ಅಂಕಗಳೊಡನೆ ಉಳಿದುಕೊಂಡಿತು; 35 ಅಂಕ ಪಡೆದ ಬರ್ನ್ಲಿ ಕೆಳಗಿನ ದರ್ಜೆಗೆ ಇಳಿಯಿತು. ಆ 6 ಅಂಕಗಳನ್ನು ಅಂದೇ ಕಳೆದಿದ್ದರೆ? ಕೂಡಿ ಕಳೆದು ನೋಡಿರಿ, ಇಳಿಯುವವರು ಬೇರೆಯಾಗುತ್ತಿದ್ದರು. ಎರಡು ವರ್ಷದ ಮೇಲೆ ಕಳೆದ ಅಂಕದಿಂದ ಬರ್ನ್ಲಿಯ ಮನೆಗೆ ಏನು ಬಂತು?

ಇನ್ನು ದೊಡ್ಡವರ ಮಾತು. ಮ್ಯಾಂಚೆಸ್ಟರ್ ಸಿಟಿಯ ಮೇಲೆ ನೂರಕ್ಕೂ ಮಿಕ್ಕಿ ಆರೋಪಗಳನ್ನು ಹೊರಿಸಿದ್ದು 2023ರ ಫೆಬ್ರವರಿಯಲ್ಲಿ, ಎವರ್ಟನ್ನಿನ ಮೇಲೆ ಹೊರಿಸುವುದಕ್ಕಿಂತ ಮೊದಲೇ. ಎವರ್ಟನ್ನಿಗೆ ಎಂಟು ತಿಂಗಳಲ್ಲಿ ತೀರ್ಪು ಬಂತು. ಸಿಟಿಯ ವಿಚಾರಣೆ ಆರಂಭವಾದದ್ದೇ 2024ರ ಸೆಪ್ಟೆಂಬರಿನಲ್ಲಿ. ಸಿಟಿ ಆರೋಪಗಳನ್ನೆಲ್ಲ ಅಲ್ಲಗಳೆದಿದೆ. ನೂರು ಆರೋಪಗಳ ಸಾಕ್ಷ್ಯ ಒಂದರ ಸಾಕ್ಷ್ಯಕ್ಕಿಂತ ಹೆಚ್ಚು ಕಾಲ ತಿನ್ನುವುದು ಸಹಜ. ಇದನ್ನು ನ್ಯಾಯವಾಗಿ ಒಪ್ಪಬೇಕು. ಆದರೂ ದೊಡ್ಡ ವಕೀಲರನ್ನು ಇಡಬಲ್ಲವನಿಗೆ ಕಾಲವೂ ಒಂದು ಆಸ್ತಿಯೆಂಬ ಸಂಶಯ ಜನರಿಗೆ ಬಂದರೆ ತಪ್ಪೆನ್ನಲಾರೆ.

ಲೆಸ್ಟರ್ ಕ್ಲಬ್ಬಿನ ಕಥೆ ನನ್ನಂಥ ವ್ಯಾಕರಣದ ಮೇಷ್ಟರಿಗೆ ರುಚಿಸುವಂಥದು. 2023ರಲ್ಲಿ ಕೆಳದರ್ಜೆಗೆ ಇಳಿದ ಅದು, ಲೆಕ್ಕದ ವರ್ಷ ಮುಗಿದ ದಿನ ತಾನು ಲೀಗಿನ ಸದಸ್ಯನೇ ಆಗಿರಲಿಲ್ಲವೆಂದು ವಾದಿಸಿತು. ನಿಯಮದ ಪದಗಳನ್ನು ಬರೆದಂತೆಯೇ ಓದಿದ ಮೇಲ್ಮನವಿ ಮಂಡಳಿ 2024ರ ಸೆಪ್ಟೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಬರೆದವರು ಒಂದು ವಾಕ್ಯ ಹೆಚ್ಚು ಬರೆದಿದ್ದರೆ ಸಾಕಾಗಿತ್ತು!

ನಮ್ಮ ನಾಡಿನ ಸಂಕಟ ಬೇರೆ ಬಗೆಯದು. 2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಕಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸಾಲಿನಲ್ಲೇ ಐ-ಲೀಗ್ ಗೆದ್ದಿತು; 2018-19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದಿತು. ಅಂಥ ಕ್ಲಬ್ಬೇ, ಲೀಗಿನ ಮುಂದಿನ ಸಾಲು ನಡೆಯುವುದೇ ಅನಿಶ್ಚಿತವಾದಾಗ, 2025ರ ಆಗಸ್ಟಿನಲ್ಲಿ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಇಲ್ಲಿ ಯಾರೂ ಮಿತಿ ಮೀರಿರಲಿಲ್ಲ. ಪಂದ್ಯವಿಲ್ಲದೆ ಟಿಕೆಟಿನ ಹಣವಿಲ್ಲ, ಪ್ರಸಾರದ ಹಣವಿಲ್ಲ, ಜಾಹೀರಾತಿಲ್ಲ.

ಇಂಗ್ಲೆಂಡಿನ ಕ್ಲಬ್ಬುಗಳು 2025ರ ನವೆಂಬರಿನಲ್ಲಿ ಹೊಸ ಕಟ್ಟಳೆಗೆ ಮತ ಹಾಕಿದವು: 2026-27ರ ಸಾಲಿನಿಂದ ತಂಡದ ಖರ್ಚು ಆದಾಯದ ನೂರಕ್ಕೆ 85ರೊಳಗಿರಬೇಕು. ಇನ್ನೂರು ಎಕರೆಯವನ 85 ಪಾಲೂ ಎರಡು ಎಕರೆಯವನ 85 ಪಾಲೂ ಒಂದೇ ಅಲ್ಲವೆಂದು ಆ ವಿದ್ಯಾರ್ಥಿಯೇ ನನಗೆ ತಿರುಗಿ ಹೇಳಿದನು.