ನಿಮಗಿದು ಗೊತ್ತೆ? ಪಿರಮಿಡ್ಡಿಗಿಂತ ಹಳೆಯ ಮೀನುಗಾಲುವೆ
ಆಸ್ಟ್ರೇಲಿಯಾದ ಮೂಲನಿವಾಸಿಗಳೆಂದರೆ ಬೂಮರಾಂಗ್ ಹಿಡಿದು ಅಲೆಯುವ ಬೇಟೆಗಾರರು ಎಂಬ ಚಿತ್ರ ನಮ್ಮ ತಲೆಯಲ್ಲೂ ಕೂತಿದೆ. ವಿಕ್ಟೋರಿಯಾ ರಾಜ್ಯದ ಬಜ್ ಬಿಮ್ ನೋಡಿದವರು ಹಾಗೆನ್ನಲಾರರು. ಅಲ್ಲಿನ ಗುಂಡಿಟ್ಜ್‌ಮಾರ ಜನ ಜ್ವಾಲಾಮುಖಿ ಉಗುಳಿದ ಕಲ್ಲನ್ನೇ ಒಡೆದು, ಜೋಡಿಸಿ ಕಾಲುವೆ, ಕಟ್ಟೆ, ಕೊಳಗಳನ್ನು ಮಾಡಿಕೊಂಡಿದ್ದರು. ನೆರೆನೀರಿನ ಜೊತೆ ಬಂದ ಹಾವುಮೀನು ಕೊಳದಲ್ಲೇ ಉಳಿದು ಕೊಬ್ಬುತ್ತಿತ್ತು. ಬೇಕಾದಾಗ ಕಟ್ಟೆಯ ಕಿಂಡಿಗೆ ಹೆಣೆದ ಬುಟ್ಟಿ ಒಡ್ಡಿದರಾಯಿತು. ಮಲೆನಾಡಿನಲ್ಲಿ ಮೀನು ಹಿಡಿಯಲು ಒಡ್ಡುವ ಕೂಣಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ಒಂದು ಕಾಲುವೆಯ ಹೂಳಿನಲ್ಲಿ ಸಿಕ್ಕ ಇದ್ದಿಲನ್ನು ಪುರಾತತ್ವಜ್ಞರು ಪರೀಕ್ಷಿಸಿದರು. ವಯಸ್ಸು ಸುಮಾರು 6,600 ವರ್ಷ. ಗೀಜಾದ ಮಹಾ ಪಿರಮಿಡ್ಡಿಗೆ ಸುಮಾರು 4,500 ವರ್ಷವಷ್ಟೆ.

ಅಗೆತ ಹೇಳದ್ದನ್ನು ಕಥೆ ಹೇಳುತ್ತದೆ. ಬಜ್ ಬಿಮ್ ಬೆಟ್ಟವೆಂದರೆ ಬಾಗಿ ಕುಳಿತ ದೈತ್ಯ ಪೂರ್ವಜ, ಲಾವಾ ಅವನ ಹಲ್ಲು ಎಂಬುದು ಗುಂಡಿಟ್ಜ್‌ಮಾರರ ನಂಬಿಕೆ. ಬೆಟ್ಟ ಸಿಡಿದದ್ದು ಸುಮಾರು 37,000 ವರ್ಷಗಳ ಹಿಂದೆ ಎಂದು 2020ರಲ್ಲಿ ತಿಳಿದಾಗ, ಈ ಕಥೆ ಕಣ್ಣಾರೆ ಕಂಡ ಸ್ಫೋಟದ ನೆನಪೇ ಇರಬಹುದೆ ಎಂದು ವಿಜ್ಞಾನಿಗಳೂ ಕೇಳಿಕೊಂಡರು.

2019ರಲ್ಲಿ ಬಜ್ ಬಿಮ್‌ಗೆ ಯುನೆಸ್ಕೊ ವಿಶ್ವ ಪರಂಪರೆಯ ತಾಣದ ಪಟ್ಟ ಸಿಕ್ಕಿತು. ಕೆಲವೇ ತಿಂಗಳಲ್ಲಿ ಕಾಳ್ಗಿಚ್ಚು ಹಬ್ಬಿ ಪೊದೆಗಳು ಸುಟ್ಟುಹೋದವು. ಅಡಿಯಲ್ಲಿ ಅಡಗಿದ್ದ ಇನ್ನಷ್ಟು ಕಾಲುವೆ ಆಗ ಹೊರಬಿತ್ತು.